ಅಲಮೂತಿನ ಜೇನಿನ ತೊಟ್ಟಿ

ಇರಾನಿನ ಕಜ್ವೀನ್ ನಗರ ಬಿಟ್ಟ ಕಾರು ಅಲ್ಬುರ್ಜ್ ಪರ್ವತಗಳ ತಿರುವುಗಳನ್ನು ದಾಟಿ ಗಾಜೋರ್ ಖಾನ್ ಹಳ್ಳಿ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಚೆರ್ರಿ ತೋಟಗಳಾಚೆ ಕಡಿದಾದ ಹೆಬ್ಬಂಡೆ. ಅದರ ನೆತ್ತಿಯಲ್ಲಿ ಅಲಮೂತ್ ಕೋಟೆ. 1090ರಲ್ಲಿ ಹಸನ್ ಸಬ್ಬಾಹ್ ಇದನ್ನು ವಶಪಡಿಸಿಕೊಂಡು ತನ್ನ ಶಿಯಾ ಮುಸ್ಲಿಂ ಪಂಗಡವಾದ ಇಸ್ಮಾಯಿಲಿಗಳ ನೆಲೆಯಾಗಿಸಿದ. ಸೆಲ್ಜುಕ್ ಸುಲ್ತಾನರು ದಂಡು ಕಟ್ಟಿಕೊಂಡು ಬಂದರೂ ಇದು ಅವರ ಕೈಗೆ ದಕ್ಕಲಿಲ್ಲ.

ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಮೇಲೆ ನಿಂತರೆ ಕಣ್ಣಿಗೆ ಬೀಳುವುದು ಗಾರೆಕಲ್ಲಿನ ಮುರುಕು ಗೋಡೆಗಳು, ಅವಕ್ಕೆ ಆಸರೆ ಕೊಟ್ಟ ಕಬ್ಬಿಣದ ಕಂಬಿಗಳು, ಉತ್ಖನನದ ಗುಂಡಿಗಳು. 1256ರಲ್ಲಿ ಮಂಗೋಲರ ಹುಲಗು ಕೋಟೆಯನ್ನು ಕೆಡವಿಸಿದ. ಅಳಿದುಳಿದದ್ದನ್ನು ಆಮೇಲೆ ನಿಧಿಗಳ್ಳರು ಅಗೆದು ಹಾಳುಗೆಡವಿದರು.

ಬಂಡೆಯ ಒಡಲಲ್ಲೇ ಕೊರೆದದ್ದನ್ನು ಮಾತ್ರ ಯಾರಿಗೂ ಕೆಡವಲಾಗಲಿಲ್ಲ. ಒಂದು ತೊಟ್ಟಿಯ ಅಂಚಿನಲ್ಲಿ ಮಂಡಿಯೂರಿ ಕೂತೆ. ಒಳಗೋಡೆಯ ಉದ್ದಕ್ಕೂ ಉಳಿಯ ಗೀರುಗಳು ಓರೆಯಾಗಿ ಇಳಿದಿದ್ದವು. ಬೆರಳಿಟ್ಟರೆ ಇನ್ನೂ ಒರಟು. ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ. ನನ್ನ ಮಟ್ಟಿಗೆ ಅಲಮೂತಿನ ನಿಜವಾದ ವಾಸ್ತುಶಿಲ್ಪವೆಂದರೆ ಇದೇ.

ಹುಲಗುವಿನ ಜೊತೆಗಿದ್ದ ಇತಿಹಾಸಕಾರ ಜುವೈನಿ ಇಸ್ಮಾಯಿಲಿಗಳ ಕಡುವಿರೋಧಿ. ಇಲ್ಲಿನ ಗ್ರಂಥಾಲಯದಿಂದ ಕುರಾನ್ ಪ್ರತಿಗಳನ್ನೂ ಖಗೋಳ ಉಪಕರಣಗಳನ್ನೂ ತೆಗೆದಿಟ್ಟುಕೊಂಡು, ಅವರ ಮತಗ್ರಂಥಗಳನ್ನು ಸುಟ್ಟವನು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅಂಥವನೂ ಈ ಉಗ್ರಾಣಗಳ ಮುಂದೆ ಬೆರಗಾಗಿದ್ದ. ಬಂಡೆಯ ಅರ್ಧ ಸುತ್ತಿನಷ್ಟು ಕೊರೆದ ನೀರುಗಾಲುವೆ, ಅದರ ಕೆಳಗೆ ತೊಟ್ಟಿಗಳು. ವಿನೆಗರ್, ಜೇನು, ದ್ರಾಕ್ಷಾರಸ ತುಂಬಿಡಲು ಬೇರೆ ತೊಟ್ಟಿಗಳು. ಹಸನ್ ಕಾಲದ ದಾಸ್ತಾನು ಕೂಡ ಕೆಟ್ಟಿರಲಿಲ್ಲವಂತೆ. ಜೇನಿನ ತೊಟ್ಟಿಗೆ ಇಳಿದವನೊಬ್ಬ ಆಳ ತಿಳಿಯದೆ ಅದರಲ್ಲೇ ಮುಳುಗಿ ಒದ್ದಾಡಿದ್ದನ್ನೂ ಅವನು ಬರೆದಿದ್ದಾನೆ.

ಮಾರ್ಕೊ ಪೋಲೊ ಈ ಸೀಮೆಗೆ ಬರುವ ಹೊತ್ತಿಗೆ ಕೋಟೆ ಬಿದ್ದು ವರ್ಷಗಳೇ ಕಳೆದಿದ್ದವು. ಜೇನು, ಹಾಲು, ದ್ರಾಕ್ಷಾರಸ ಹರಿಯುವ ತೋಟ, ಸುಂದರಿಯರು, ಕೋಟೆಯ ಒಡೆಯ ಅಮಲೇರಿಸಿ ಕೊಲೆಗೆ ಕಳಿಸುತ್ತಿದ್ದ ಹಂತಕರು: ಅವನು ಹೇಳಿದ ಕಥೆಯೇ ಲೋಕಕ್ಕೆ ರುಚಿಸಿತು. ಈ ಕಿರಿದಾದ ಬಂಡೆಯ ಬೆನ್ನ ಮೇಲೆ ನಿಂತು ನೋಡಿ, ಅಂಥ ತೋಟಕ್ಕೆ ಜಾಗವೆಲ್ಲಿದೆ? ಜೇನೂ ದ್ರಾಕ್ಷಾರಸವೂ ಇಲ್ಲಿದ್ದದ್ದು ದಿಟ. ಮುತ್ತಿಗೆಯ ದಿನಗಳಿಗೆಂದು ಲೆಕ್ಕ ಹಾಕಿ ಕೂಡಿಟ್ಟ ದಾಸ್ತಾನಾಗಿ. ಆ ಕೆಲಸ ಮಾಡಿದ ಕಲ್ಲುಕುಟಿಗರ ಹೆಸರು ಯಾವ ಪುಟದಲ್ಲೂ ನನಗೆ ಸಿಕ್ಕಿಲ್ಲ. ಅಲಮೂತಿಗೆ ಹೋಗುವವರು ಹಂತಕರ ಕಥೆಯನ್ನು ಕೆಳಗೇ ಬಿಟ್ಟು, ಮೊದಲು ಈ ತೊಟ್ಟಿಗಳನ್ನು ನೋಡಬೇಕು.