ಕ್ರಿಸ್ ವುಡ್ ಊದಿದ ಬಾರ್ಲಿಯ ಕಥೆ

ಬ್ರಿಟನ್ನಿನ ಟ್ರಾಫಿಕ್ ತಂಡವು 1970ರ ಜುಲೈನಲ್ಲಿ ಹೊರತಂದ ‘ಜಾನ್ ಬಾರ್ಲಿಕಾರ್ನ್ ಮಸ್ಟ್ ಡೈ’ ಎಂಬ ಆಲ್ಬಮ್ಮನ್ನು ದೀರ್ಘ, ಪ್ರಯೋಗಶೀಲ ರಚನೆಗಳ ಪ್ರೋಗ್ರೆಸಿವ್ ರಾಕ್‌ನ ಸಾಲಿಗೆ ಸೇರಿಸುವುದು ರೂಢಿ. ಆ ಹಣೆಪಟ್ಟಿಯನ್ನು ನಂಬಿ, ಧ್ವನಿತಟ್ಟೆಯ ಒಂದಿಡೀ ಬದಿಯನ್ನು ಆವರಿಸುವ ರಚನೆಗಳನ್ನೋ ಮಾಯಾಲೋಕದ ಕಥೆಗಳನ್ನೋ ನಿರೀಕ್ಷಿಸಿದವರಿಗೆ ನಿರಾಸೆಯಾದೀತು. ಇದರಲ್ಲಿರುವುದು ಆರೇ ರಚನೆಗಳು, ಒಟ್ಟು ಸುಮಾರು 35 ನಿಮಿಷ. ಆದರೆ ಜಾಝ್, ಬ್ಲೂಸ್ ಮತ್ತು ಇಂಗ್ಲೆಂಡಿನ ಜನಪದ ಗೀತೆ ಒಂದನ್ನೊಂದು ಕೆಡಿಸದೆ ಹೀಗೆ ಒಟ್ಟಿಗಿರುವುದನ್ನು ನಾನು ಬೇರೆಡೆ ಕೇಳಿದ್ದು ಕಡಿಮೆ. ಅದರ ಶ್ರೇಯಸ್ಸು ಎಲ್ಲರೂ ಹೊಗಳುವ, ತಂಡದ ಗಾಯಕ ಸ್ಟೀವ್ ವಿನ್‌ವುಡ್‌ಗಿಂತ ಹೆಚ್ಚಾಗಿ ಸ್ಯಾಕ್ಸೊಫೋನ್ ಮತ್ತು ಕೊಳಲು ನುಡಿಸಿದ ಕ್ರಿಸ್ ವುಡ್‌ಗೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ಮೊದಲಿಗೆ ಇದು ತಂಡದ ಆಲ್ಬಮ್ ಆಗಿರಲೇ ಇಲ್ಲ. ಎರಿಕ್ ಕ್ಲಾಪ್ಟನ್ ಮೊದಲಾದವರೊಡನೆ ಕಟ್ಟಿದ ಬ್ಲೈಂಡ್ ಫೇತ್ ಎಂಬ ತಂಡ 1969ರಲ್ಲೇ ಮುರಿದುಬಿದ್ದ ಮೇಲೆ ವಿನ್‌ವುಡ್ ಒಬ್ಬರೇ ಕುಳಿತು ಸ್ವಂತದ್ದೊಂದನ್ನು ಧ್ವನಿಮುದ್ರಿಸಲು ಹೊರಟಿದ್ದರು. ಬಹುತೇಕ ವಾದ್ಯಗಳನ್ನು ತಾವೇ ನುಡಿಸಬಲ್ಲವರಾಗಿದ್ದರೂ ಒಂಟಿ ಕೆಲಸ ಸಾಗದೆ ಹಳೆಯ ಜೊತೆಗಾರರಾದ ಡ್ರಮ್ಸ್ ವಾದಕ ಜಿಮ್ ಕಪಾಲ್ಡಿ ಮತ್ತು ಕ್ರಿಸ್ ವುಡ್‌ರನ್ನು ಕರೆದರು. ಟ್ರಾಫಿಕ್ ಮರುಹುಟ್ಟು ಪಡೆದದ್ದು ಹಾಗೆ.

ಮಡಿಕೇರಿಯ ನಮ್ಮ ಮನೆಯಲ್ಲಿ ಇದರ ಎಲ್‌ಪಿ ಇದೆ, ಕಾಫಿ ತೋಟ ನೋಡಿಕೊಂಡಿದ್ದ ದೊಡ್ಡಪ್ಪನಿಂದ ಬಂದದ್ದು. ಗೋಣಿತಾಟಿನಂತೆ ಕಾಣುವ ಹಿನ್ನೆಲೆಯ ಮೇಲೆ ಬಾರ್ಲಿಯ ಸಿವುಡೊಂದನ್ನು ಚಿತ್ರಿಸಿದ ಹೊದಿಕೆ ಅದು. ಕೊಡಗಿನ ಮಳೆಗಾಲದಲ್ಲಿ ರಟ್ಟಿನ ವಸ್ತುವಿಗೆ ಬೂಷ್ಟು ಹಿಡಿಯದಂತೆ ಕಾಯುವುದು ಯಾರಿಗೂ ಸಾಧ್ಯವಿಲ್ಲವಾದ್ದರಿಂದ, ತೆನೆಗಳ ಸುತ್ತ ಈಗ ಹಸಿರುಗಪ್ಪು ಚುಕ್ಕೆಗಳು ಹರಡಿವೆ. ಚಿತ್ರಕ್ಕೆ ಅದರಿಂದ ಹಾನಿಯೇನೂ ಆದಂತಿಲ್ಲ.

ಮೊದಲ ಬದಿ ‘ಗ್ಲ್ಯಾಡ್’ ಎಂಬ ಏಳು ನಿಮಿಷಗಳ ವಾದ್ಯರಚನೆಯಿಂದ ಆರಂಭವಾಗುತ್ತದೆ. ಪಿಯಾನೊ ಹಾಕಿಕೊಟ್ಟ ಜಿಗಿತದ ನಡೆಯ ಮೇಲೆ ವುಡ್‌ರ ಸ್ಯಾಕ್ಸೊಫೋನ್ ಏರುತ್ತದೆ. ಅದರ ದನಿಯನ್ನು ವಿದ್ಯುತ್ ಉಪಕರಣಗಳ ಮೂಲಕ ಹಾಯಿಸಿರುವುದರಿಂದ ಕೆಲವು ಕಡೆ ಗಿಟಾರೇ ಗುರುಗುಟ್ಟುತ್ತಿದೆಯೇನೋ ಎಂಬ ಅನುಮಾನ ಬರುತ್ತದೆ. ಕೊನೆಗೆ ವೇಗ ಕುಸಿದು, ತಾಳ ಕಳಚಿ, ಪಿಯಾನೊ ಎತ್ತಲೋ ಅಲೆಯುತ್ತಿರುವಾಗಲೇ ‘ಫ್ರೀಡಂ ರೈಡರ್’ ಶುರುವಾಗಿಬಿಡುತ್ತದೆ. ಅಲ್ಲಿ ವುಡ್ ಸ್ಯಾಕ್ಸೊಫೋನಿನ ಜೊತೆಗೆ ಕೊಳಲನ್ನೂ ಊದುತ್ತಾರೆ. ‘ಎಂಪ್ಟಿ ಪೇಜಸ್’ ಸೊಗಸಾದ ಹಾಡು. ಅದರ ಎಲೆಕ್ಟ್ರಿಕ್ ಪಿಯಾನೊಗಾಗಿಯಾದರೂ ಕೇಳಬೇಕು.

ಆಲ್ಬಮ್ಮಿನ ತಿರುಳು ಇರುವುದು ಎರಡನೆಯ ಬದಿಯ ನಡುವಿನ ಶೀರ್ಷಿಕೆ ಗೀತೆಯಲ್ಲಿ. ಇದು ಶತಮಾನಗಳಷ್ಟು ಹಳೆಯ ಲಾವಣಿ. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1782ರಲ್ಲೇ ಇದರದ್ದೊಂದು ಪಾಠವನ್ನು ಬರೆದಿದ್ದರು. ವಾಟರ್ಸನ್ಸ್ ಎಂಬ ಯಾರ್ಕ್‌ಶೈರಿನ ಕುಟುಂಬವು ವಾದ್ಯಗಳಿಲ್ಲದೆ ಹಾಡಿದ 1965ರ ಧ್ವನಿಮುದ್ರಣದಲ್ಲಿ ಇದನ್ನು ಕೇಳಿ, ತಂಡಕ್ಕೆ ತಂದವರು ವುಡ್. ಜಾನ್ ಬಾರ್ಲಿಕಾರ್ನ್ ಎಂದರೆ ಮನುಷ್ಯರೂಪ ತಳೆದ ಬಾರ್ಲಿ. ಅವನು ಸಾಯಲೇಬೇಕೆಂದು ಪಣ ತೊಟ್ಟ ಮೂವರು ಅವನನ್ನು ಉತ್ತು ಹೂಳುತ್ತಾರೆ. ಮಳೆ ಬಿದ್ದಾಗ ಅವನು ತಲೆಯೆತ್ತುತ್ತಾನೆ, ಗಡ್ಡ ಬೆಳೆಸಿ ಗಂಡಸಾಗುತ್ತಾನೆ. ಆಗ ಅವನನ್ನು ಮಂಡಿಯ ಬಳಿ ಕೊಯ್ದು, ಗಾಡಿಗೆ ಬಿಗಿದು, ಬಡಿದು, ಕಲ್ಲುಗಳ ನಡುವೆ ಅರೆಯುತ್ತಾರೆ. ಕಡೆಗೆ ಬಟ್ಟಲಿನ ಮದ್ಯವಾಗಿ, ಕೊಂದವರಿಗಿಂತ ಬಲಶಾಲಿಯಾಗುವವನು ಅವನೇ.

ಧಾನ್ಯ ಮನುಷ್ಯನಂತೆ ನಡೆದುಕೊಳ್ಳುವುದು ನಮಗೆ ಹೊಸದಲ್ಲ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತವೂ ರಾಗಿಯೂ ರಾಮನೆದುರೇ ಜಗಳವಾಡಿ ಆರು ತಿಂಗಳು ಸೆರೆಯಲ್ಲಿರುತ್ತವೆ. ಆದರೆ ಕೊಯ್ಲನ್ನು ಕೊಲೆಯೆಂದು ಹಾಡುವುದು ಕೊಡಗಿನ ಕಿವಿಗೆ ವಿಚಿತ್ರವೇ. ಸುಗ್ಗಿಹಬ್ಬ ಹುತ್ತರಿಯ ರಾತ್ರಿ ಎಲೆಗಳ ‘ನೆರೆ’ ಕಟ್ಟಿ, ಗದ್ದೆಗಿಳಿದು, ಕೋವಿಯ ಸದ್ದಿನೊಡನೆ ಕದಿರು ತೆಗೆಯುವಾಗ ‘ಪೊಲಿ ಪೊಲಿ ದೇವಾ’ ಎಂದು ಕೂಗುವವರು ಬೇಡುವುದು ಸಮೃದ್ಧಿಯನ್ನು. ಅಲ್ಲಿ ಭತ್ತಕ್ಕೆ ನೋವಾಯಿತೆಂಬ ಯೋಚನೆಗೆ ಎಡೆಯೇ ಇಲ್ಲ. ಇಂಗ್ಲೆಂಡಿನ ಒಕ್ಕಲಿಗ ಅದೇ ಕೆಲಸವನ್ನು ಮಾಡಿ, ಅದನ್ನು ಅಪರಾಧವೆಂದು ಒಪ್ಪಿಕೊಂಡು, ಆಮೇಲೆ ಕುಡಿದು ನಗುತ್ತಾನೆ. ಈ ವ್ಯತ್ಯಾಸದಿಂದಾಗಿಯೇ ಹಾಡು ನನ್ನನ್ನು ಹೆಚ್ಚು ಹಿಡಿದಿಟ್ಟಿದೆ.

ಇಲ್ಲಿ ಡ್ರಮ್ಸ್ ಇಲ್ಲ. ವಿನ್‌ವುಡ್‌ರ ಅಕೂಸ್ಟಿಕ್ ಗಿಟಾರು ಒಂದೇ ಎಳೆಯನ್ನು ಮತ್ತೆ ಮತ್ತೆ ಮೀಟುತ್ತದೆ, ಕಪಾಲ್ಡಿ ಟ್ಯಾಂಬೊರಿನ್ ಹಿಡಿದು ಮುಂದಿನ ಚರಣಗಳಲ್ಲಿ ದನಿಗೂಡಿಸುತ್ತಾರೆ. ಚರಣಗಳ ನಡುವೆ ಬರುವ ಕೊಳಲು ಶೋಕವನ್ನು ತೋರುವುದೂ ಇಲ್ಲ, ಸಂಭ್ರಮಿಸುವುದೂ ಇಲ್ಲ. ಮೊದಲ ಬದಿಯಲ್ಲಿ ಅಷ್ಟು ಸ್ವಚ್ಛಂದವಾಗಿ ಅಲೆದ ವಾದಕ ಇಲ್ಲಿ ರಾಗದ ಗಡಿ ದಾಟದೆ, ಹಾಡುಗಾರನ ಉಸಿರು ಮುಗಿದಲ್ಲಿ ಮಾತ್ರ ತನ್ನ ಉಸಿರನ್ನು ಸೇರಿಸುತ್ತಾನೆ. ನಾಲ್ವರು ಕುಳಿತು ದುಡಿಯೆಂಬ ಪುಟ್ಟ ಚರ್ಮವಾದ್ಯ ಬಡಿಯುತ್ತ, ಇಬ್ಬರು ಹಾಡಿ ಬಿಟ್ಟದ್ದನ್ನು ಇನ್ನಿಬ್ಬರು ಎತ್ತಿಕೊಳ್ಳುವ ಕೊಡಗಿನ ನಮ್ಮ ದುಡಿಕೊಟ್ಟ್ ಪಾಟ್ ಎಂಬ ಹಾಡುಗಾರಿಕೆ ಕೇಳಿದವರಿಗೆ ಈ ಸಂಯಮದ ಬೆಲೆ ಗೊತ್ತಿರುತ್ತದೆ: ಕಥೆ ಮುಂದೆ ಸಾಗಬೇಕಾದರೆ ಯಾರೂ ಮೆರೆಯಬಾರದು. ನಲವತ್ತು ತುಂಬುವ ಮೊದಲೇ, 1983ರಲ್ಲಿ ತೀರಿಕೊಂಡ ವುಡ್‌ರ ಹೆಸರು ಇಂದು ಹೆಚ್ಚಿನವರ ಬಾಯಲ್ಲಿಲ್ಲದಿರುವುದಕ್ಕೂ ಬಹುಶಃ ಈ ಮೆರೆಯದ ಗುಣವೇ ಕಾರಣವಿರಬೇಕು.

ಈ ಗೀತೆಯ ಎರಡೂ ಪಕ್ಕದಲ್ಲಿರುವ ‘ಸ್ಟ್ರೇಂಜರ್ ಟು ಹಿಮ್‌ಸೆಲ್ಫ್’ ಮತ್ತು ‘ಎವ್ರಿ ಮದರ್ಸ್ ಸನ್’ ವಿನ್‌ವುಡ್ ಬಹುಪಾಲು ತಾವೇ ನುಡಿಸಿದ ರಚನೆಗಳು. ಮೊದಲನೆಯದರಲ್ಲಿ ಬ್ಲೂಸ್‌ನ ಒರಟುತನವಿದೆ, ಎರಡನೆಯದರ ಆರ್ಗನ್ನಿನಲ್ಲಿ ಪ್ರಾರ್ಥನೆಯ ಗಾಂಭೀರ್ಯವಿದೆ, ಎರಡರಲ್ಲೂ ಕಂಠ ಅದ್ಭುತ. ಆದರೂ ಒಬ್ಬನೇ ತನ್ನೊಡನೆ ತಾನು ಮಾತಾಡಿಕೊಂಡಂತೆ ಕೇಳಿಸುತ್ತದೆ. ಎದುರು ಮಾತು ಹೇಳುವ ಊದುವಾದ್ಯ ಅಲ್ಲಿಲ್ಲ. ಹೀಗಾಗಿ ಹೊಸದಾಗಿ ಕೇಳುವವರಿಗೆ ನಾನು ಮೊದಲು ಶೀರ್ಷಿಕೆ ಗೀತೆಯನ್ನು, ಅದರ ಬೆನ್ನಿಗೇ ‘ಗ್ಲ್ಯಾಡ್’ ಅನ್ನು ಹಾಕಿ ಕೇಳಿಸುತ್ತೇನೆ. ಉಳಿದ ನಾಲ್ಕು ಆಮೇಲೆ ಯಾವ ಕ್ರಮದಲ್ಲಿ ಬಂದರೂ ನಡೆಯುತ್ತದೆ.