ಅರ್ಕಾವತ್ತು ಸರಿಹೋದ ರಾತ್ರಿ

2006ರ ಲ್ಯಾಪ್‌ಟಾಪ್ ಇವತ್ತೂ ಆನ್ ಆಯ್ತು. ಬ್ಯಾಟರಿ ಸತ್ತು ಎಷ್ಟೋ ಕಾಲವಾಯ್ತು, ಚಾರ್ಜರ್ ಕಿತ್ತರೆ ಆರಿಹೋಗುತ್ತೆ. ಹಳೇ ಕಾಲದ 32 ಬಿಟ್ ಪ್ರೊಸೆಸರಿನ ಯಂತ್ರ. ಇದರಲ್ಲಿರೋ ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ 13ನೇ ಆವೃತ್ತಿಗೆ ಇಂಥ ಯಂತ್ರಗಳ ಇನ್‌ಸ್ಟಾಲರ್ರೇ ಇಲ್ಲ, ಹಾಗಾಗಿ 12ರಲ್ಲೇ ನಿಂತಿದೆ. ಗುಜರಿಗೆ ಹಾಕೋಕೆ ಮನಸ್ಸು ಬರಲ್ಲ. ಅಪ್ಪ ‘ನುಡಿ’ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಊರಿನ ನೆನಪುಗಳೆಲ್ಲ ಇದರಲ್ಲೇ ಇವೆ.

ಆ ಫೈಲುಗಳನ್ನು ಫೋನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಹಳೇ ಫಾಂಟಲ್ಲಿ ಕನ್ನಡ ಇರೋದು ಕಣ್ಣಿಗಷ್ಟೇ, ಒಳಗಿನ ಸಂಕೇತ ಬೇರೆ. ಅದನ್ನು ಯೂನಿಕೋಡಿಗೆ, ಅಂದರೆ ಈಗ ಎಲ್ಲ ಫೋನು, ಕಂಪ್ಯೂಟರ್ ಓದೋ ಸಂಕೇತಕ್ಕೆ, ತಿರುಗಿಸೋಕೆ ಪೈಥಾನ್ ಭಾಷೆಯಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೀತಿದ್ದೀನಿ. ರೆಡಿಮೇಡ್ ಪರಿವರ್ತಕಗಳಿವೆ, ಗೊತ್ತು. ಅಪ್ಪನ ಬರಹವನ್ನು ನನ್ನ ಕೈಯಾರೆ ಹೊರಗೆ ತರಬೇಕು ಅನ್ನೋ ಆಸೆ.

ಮೂರು ದಿನ ಸತಾಯಿಸಿದ್ದು ಅರ್ಕಾವತ್ತು, ಅಂದರೆ ‘ರ್’ ಸೂಚಿಸೋ ‘ರ್ಯ’ದಲ್ಲಿನ ಆ ಕೊನೇ ಗುರುತು. ‘ಸೂರ್ಯ’ ಬರೆಯುವಾಗ ಅರ್ಕಾವತ್ತು ಯಕಾರದ ಆಮೇಲೆ ಬರುತ್ತಲ್ಲ, ಹಳೇ ಫೈಲಲ್ಲೂ ಅದೇ ಕ್ರಮ. ಯೂನಿಕೋಡಲ್ಲಿ ಮಾತ್ರ ಉಚ್ಚಾರದ ಕ್ರಮ: ಮೊದಲು ರ್, ಆಮೇಲೆ ಯ. ಅಂದರೆ ಗುಣಿತ, ಒತ್ತು ಸಮೇತ ಇಡೀ ಅಕ್ಷರ ದಾಟಿ ಹಿಂದಕ್ಕೆ ಹೋಗಿ ರ್ ಇಡಬೇಕು. ನಾನು ಒಂದೇ ಸಂಕೇತ ದಾಟಿಸ್ತಿದ್ದೆ. ‘ಕೀರ್ತಿ’ ಅನ್ನೋದು ‘ಕೀತರ್ಿ’ ಆಗಿ ಒಡೆದು ಬರ್ತಿತ್ತು.

ಈಗ ತಾನೇ ಸರಿಹೋಯ್ತು. ಪರದೆ ಮೇಲೆ ಮೂಡಿದ ಮೊದಲ ಸಾಲು: “ಕಾರ್ತಿಕದಲ್ಲಿ ನಮ್ಮೂರ ಕೆರೆ ಏರಿ ಮೇಲೆ ದೀಪ ಹಚ್ಚುತ್ತಿದ್ದರು.” ಎಷ್ಟು ಸಲ ಓದಿದೆನೋ. ಅಮ್ಮ ಮಲಗಿದ್ದಾರೆ. ಬೆಳಿಗ್ಗೆ ಕಾಫಿ ಹೊತ್ತಿಗೆ ಓದಿ ಹೇಳ್ತೀನಿ.