ಡಿಸ್ಚಾರ್ಜ್ ಅರ್ಜಿ ಹಾಕದ ವಕೀಲರು, ಸರಿಹೋಗದ ಸಿಬಿಲ್

ನಮ್ಮ ಭಾವ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುತ್ತಿದ್ದರು. ಕೊರೊನಾ ಆದಮೇಲೆ ಭತ್ತದ ಬಾಕಿ, ಬ್ಯಾಂಕ್ ಸಾಲ, ಕೈಸಾಲ ಎಲ್ಲ ಒಟ್ಟಿಗೆ ಕುತ್ತಿಗೆಗೆ ಬಂತು. ಬೇರೆ ದಾರಿ ಇಲ್ಲದೆ ಕೋರ್ಟಿಗೆ ದಿವಾಳಿ ಅರ್ಜಿ ಹಾಕಿದರು. 2016ರ ಹೊಸ ದಿವಾಳಿ ಕಾನೂನು ಬಂದಿದ್ದರೂ ನಮ್ಮಂಥ ಸಣ್ಣ ವ್ಯಾಪಾರಿಗಳ ಕೇಸು ಇನ್ನೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಮೇಲೇ ನಡೆಯುತ್ತದೆ.

ದಿವಾಳಿ ಆದೇಶ ಬಂತು. ವಕೀಲರು ‘ಇನ್ನು ನಿಶ್ಚಿಂತೆಯಿಂದಿರಿ’ ಅಂದರು. ಆದರೆ ಇಂತಿಷ್ಟು ಅವಧಿಯೊಳಗೆ ಡಿಸ್ಚಾರ್ಜ್‌ಗೆ ಅರ್ಜಿ ಹಾಕಬೇಕು ಅಂತ ಅದೇ ಆದೇಶದಲ್ಲಿ ಬರೆದಿತ್ತು. ಸಾಲದಿಂದ ಬಿಡುಗಡೆ ಸಿಗುವುದೇ ಆ ಅರ್ಜಿಯಿಂದ. ಅದನ್ನು ವಕೀಲರು ಹಾಕಲೇ ಇಲ್ಲ, ಕೇಳಿದಾಗಲೆಲ್ಲ ‘ಹಾಕಿದ್ದೀನಿ, ಡೇಟ್ ಬರಬೇಕು’ ಅನ್ನುತ್ತಿದ್ದರು. ಅವಧಿ ಮೀರಿದರೆ 43ನೇ ಕಲಂ ಪ್ರಕಾರ ದಿವಾಳಿ ಆದೇಶವನ್ನೇ ಕೋರ್ಟ್ ರದ್ದು ಮಾಡುತ್ತದೆ. ಇನ್ನೊಂದು ಕಡೆ, ಡಿಸ್ಚಾರ್ಜ್ ಆಗದವನು ಆ ವಿಷಯ ಹೇಳದೆ 50 ರೂಪಾಯಿ ಸಾಲ ತಗೊಂಡರೂ ಅಪರಾಧ. ಅಂಥ ಸ್ಥಿತಿಯಲ್ಲಿ ಮನುಷ್ಯ ಮತ್ತೆ ಅಂಗಡಿ ಇಡುವುದು ಹೇಗೆ? ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಫೀಸು ಬಾಕಿ ಇದೆ ಅಂತ ಫೈಲನ್ನೂ ಕೊಡಲಿಲ್ಲ. ಹಾಗೆ ಇಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ, ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ನಾವು ಕಾಯದೆ ಕೋರ್ಟಿನ ನಕಲು ವಿಭಾಗದಲ್ಲಿ ದೃಢೀಕೃತ ನಕಲು ತೆಗೆಸಿದೆವು. ರದ್ದು ಆದೇಶ ಇನ್ನೂ ಆಗಿರಲಿಲ್ಲ, ಅದೊಂದೇ ಪುಣ್ಯ. ಹೊಸ ವಕೀಲರು ಅವಧಿ ವಿಸ್ತರಣೆ ಕೇಳಿದರು, ಕೋರ್ಟ್ ಒಪ್ಪಿತು, ಡಿಸ್ಚಾರ್ಜ್ ಆಯಿತು. ಹಳೇ ವಕೀಲರ ಮೇಲೆ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಟ್ಟಿದ್ದೇವೆ. ಗ್ರಾಹಕರ ಆಯೋಗಕ್ಕೆ ಹೋಗುವ ಹಾಗಿಲ್ಲ, 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿತು.

ಇಷ್ಟಾದರೂ ಸಿಬಿಲ್ (ನಮ್ಮ ಸಾಲದ ಲೆಕ್ಕ ಇಡುವ ಕಂಪನಿ) ರಿಪೋರ್ಟ್‌ನಲ್ಲಿ ಸಾಲ ಹಾಗೇ ಇತ್ತು, ತಿಂಗಳು ತಿಂಗಳೂ ಬಾಕಿ ಏರುತ್ತಲೇ ಇತ್ತು. ಯಾಕೆ ಅಂದರೆ ಕೋರ್ಟ್ ಆದೇಶ ತಾನಾಗಿ ಅಲ್ಲಿಗೆ ಹೋಗುವುದಿಲ್ಲ, ಬ್ಯಾಂಕ್ ಕಳಿಸಿದ್ದನ್ನೇ ಆ ಕಂಪನಿಯವರು ಹಾಕುತ್ತಾರೆ. ಅದಕ್ಕೇ ಡಿಸ್ಚಾರ್ಜ್ ಆದೇಶದ ನಕಲನ್ನು ಮೊದಲು ಬ್ಯಾಂಕಿಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಆಮೇಲೆ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಈ ನಾಲ್ಕೂ ಕಂಪನಿಗಳಲ್ಲಿ ತಕರಾರು ಹಾಕಿ. ಒಂದರಲ್ಲಿ ಸರಿಯಾದರೆ ಉಳಿದವುಗಳಲ್ಲೂ ಆಗುತ್ತದೆ ಅಂತೇನಿಲ್ಲ. ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ನಾಲ್ಕೂ ಕಡೆ ಪುಕ್ಕಟೆ. 30 ದಿನದಲ್ಲಿ ಸರಿಪಡಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

‘ಸಿಬಿಲ್ ಕ್ಲೀನ್ ಮಾಡಿಸಿಕೊಡ್ತೀವಿ’ ಅನ್ನುವ ಏಜೆಂಟರಿಗೆ ಒಂದು ಪೈಸೆ ಕೊಡಬೇಡಿ. ತಪ್ಪು ಎಂಟ್ರಿಯನ್ನು ನೀವೇ ಪುಕ್ಕಟೆ ಸರಿ ಮಾಡಿಸಬಹುದು, ನಿಜವಾಗಿ ಕಟ್ಟದ ಕಂತನ್ನು ಯಾರೂ ಅಳಿಸಲಾರರು.

ಭಾವ ಈಗ ಎಫ್‌ಡಿ ಇಟ್ಟು ಅದರ ಮೇಲೆ ಕ್ರೆಡಿಟ್ ಕಾರ್ಡ್ ತಗೊಂಡಿದ್ದಾರೆ. ತಿಂಗಳ ರೇಷನ್ನಿಗೆ ಮಾತ್ರ ಬಳಸಿ, ಬಿಲ್ಲನ್ನು ಪೂರ್ತಿ ಕಟ್ಟುತ್ತಾರೆ. ಬೇರೆ ಎಲ್ಲೂ ಸಾಲ ಕೇಳಿಲ್ಲ, ಸುಮ್ನೆ ಹತ್ತು ಕಡೆ ಅರ್ಜಿ ಹಾಕಿದರೆ ಅದೂ ರಿಪೋರ್ಟ್‌ನಲ್ಲಿ ಕಾಣುತ್ತದೆ ಅಲ್ವಾ. ಸ್ಕೋರ್ ನಿಧಾನಕ್ಕೆ ಏರುತ್ತಿದೆ. ಮೂರು ಕಂಪನಿಯಲ್ಲಿ ಸರಿಯಾಗಿದೆ, ನಾಲ್ಕನೆಯದು ಇನ್ನೂ ಹಳೇ ಬಾಕಿಯನ್ನೇ ತೋರಿಸುತ್ತಿದೆ. ಆ 30 ದಿನವೂ ದಾಟಿತು, ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್‌ನಲ್ಲಿ ದೂರು ಹಾಕಿದ್ದೇವೆ.